ಮಿಸಳ ತಿನ್ನದ ತಾತ್ಯಾಸಾಹೇಬರು

ತಾತ್ಯಾಸಾಹೇಬರು ಬೇರೆಯವರ ತಟ್ಟೆ ನೋಡಿಯೇ ಅವರ ಹಣೆಬರಹ ಹೇಳುತ್ತಿದ್ದರು. ಇಚಲಕರಂಜಿಯಲ್ಲಿ ಅವರ ಮಗ್ಗದ ಶೆಡ್ಡುಗಳ ಎದುರಿಗೇ ಮೊಳಕೆಕಾಳಿನ ಖಾರದ ರಸದ ಮೇಲೆ ಚುರುಮುರಿ ಉದುರಿಸಿ ಪಾವಿನ ಜೊತೆ ಕೊಡುವ ಒಂದು ಮಿಸಳ ಅಂಗಡಿ. ಅವರ ಮಗ್ಗಗಳಲ್ಲಿ ಪಾಳಿ ಮುಗಿಸಿ ನಾವು ಕೆಲಸಗಾರರು ಅಲ್ಲಿ ಕೂತರೆ ಸಾಕು, ಬಂದು ನಿಲ್ಲುವರು. "ನಾವು ಹೊಟ್ಟಿ ಕಟ್ಟಿ ಆಸ್ತಿ ಮಾಡೇವಿ. ನಿಮ್ಮ ವಾರಗಿ ಹುಡುಗೂರು ತಿಂದ ತಿಂದ ಹಾಳಾದ್ರು. ಅದಕ್ಕ ಒಬ್ಬಗೂ ಸ್ವಂತ ಮನಿ ಇಲ್ಲ." ಮನೆ ಎಲ್ಲಿಂದ ಬರಬೇಕು? ಓಣಿಯ ಮನೆಗಳೆಲ್ಲ ಅವರವೇ. ನಾನೂ ಅವರದೇ ಒಂದು ಖೋಲಿಯಲ್ಲಿ ಬಾಡಿಗೆಗಿದ್ದೆ. ಉಪದೇಶ ಮುಗಿಸಿ, ನಮ್ಮ ಖರ್ಚಿನಲ್ಲಿ ಚಹಾ ಕುಡಿದು ಹೋಗುವರು.

ಒಮ್ಮೆ ತಡೆಯಲಾರದೆ ಕೇಳಿದೆ. "ತಾತ್ಯಾ, ನಿಮಗ ಮೊದಲನೇ ಮಗ್ಗ ಹೆಂಗ ಬಂತ್ರಿ?"

"ಅಪ್ಪ ಕೊಟ್ಟಿದ್ದ."

"ಶೆಡ್ಡಿನ ಜಾಗಾ?"

"ಮಾವ ಕೊಟ್ಟಿದ್ದ."

"ಮತ್ತ ನೀವೇನ ಮಾಡಿದ್ರಿ?"

ಒಂದಿಷ್ಟೂ ನಾಚದೆ ಅಂದರು: "ನಾ ಮಿಸಳ ತಿನ್ನಲಿಲ್ಲ."

ಗಡಹಿಂಗ್ಲಜದ ಹತ್ತಿರ ನೂಲ ಎಂಬ ಹಳ್ಳಿಯಲ್ಲಿ ನನಗೆ ಅವ್ವನ ಕಡೆಯಿಂದ ಬಂದ ಒಂದು ಗುಂಟೆ ಜಾಗವಿದೆ. ಅಲ್ಲಿ ಎರಡು ಕೋಣೆ ಕಟ್ಟಬೇಕೆಂಬುದು ನನ್ನ ಮತ್ತು ಹೆಂಡತಿಯ ಆಸೆ. ಸುತ್ತಲಿನ ಹೊಲವನ್ನೆಲ್ಲ ತಾತ್ಯಾ ಕೊಂಡಿದ್ದರು. ನಡುವೆ ಉಳಿದ ನನ್ನ ಗುಂಟೆ ಅವರಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು. "ಮನಿ ಕಟ್ಟೂದು ನಿನ್ನ ಕೈಲೆ ಆಗೂದಿಲ್ಲ ತಮ್ಮಾ, ನನಗ ಕೊಟ್ಟಬಿಡು." ಹಾಸಿಗೆ ಹಿಡಿದಾಗ ನೋಡಲು ಹೋದರೂ ಅದನ್ನೇ ಅಂದರು. ಅದೇ ಅವರ ಕೊನೆಯ ಮಾತು ನನ್ನ ಪಾಲಿಗೆ.

ಅವರು ತೀರಿಕೊಂಡ ಹತ್ತನೆಯ ದಿನ ಪಂಚಗಂಗೆಯ ಘಾಟಿನಲ್ಲಿ ಪಿಂಡ ಇಟ್ಟರೆ ಕಾಗೆ ಮುಟ್ಟಲಿಲ್ಲ. ಸತ್ತವರ ಆಸೆ ಉಳಿದಿದ್ದರೆ ಹಾಗಾಗುತ್ತದಂತೆ. ಯಾರಾದರೂ ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಮಗ ಕೊಟ್ಟ. ಮಗ್ಗ ನಿಲ್ಲಿಸುವುದಿಲ್ಲ, ಹೊಸ ಶೆಡ್ಡು ಹಾಕುತ್ತೇನೆ, ಕೊಲ್ಹಾಪುರದ ಬಂಗಲೆ ಮಾರುವುದಿಲ್ಲ ಎಂದ. ಕಾಗೆಗಳು ಬೇವಿನ ಮರ ಬಿಟ್ಟು ಕದಲಲಿಲ್ಲ. ಬಿಸಿಲೇರಿತು. ಹಸಿದ ನೆಂಟರೆಲ್ಲ ನನ್ನ ಕಡೆ ತಿರುಗಿದರು.

"ನೂಲದ ಜಾಗಾ ಕೊಡ್ತೇನಿ ಅಂತ ಒಂದ ಮಾತ ಅನ್ರಿ," ಎಂದ ಮಗ. "ಅಪ್ಪನ ಜೀವ ಅದರಾಗ ಐತಿ."

ಪಿಂಡದ ಮುಂದೆ ಕೊಟ್ಟ ಮಾತನ್ನು ನಮ್ಮಂಥವರು ಮುರಿಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು.  ಕೈ ಮುಗಿದು ಹೇಳಿದೆ. "ತಾತ್ಯಾ, ಜಾಗಾ ಕೊಡೂದಿಲ್ರಿ. ಅಲ್ಲೇ ಮನಿ ಕಟ್ಟತೇನಿ. ವಾಸ್ತುಶಾಂತಿ ದಿನ ಎಲ್ಲಾರಿಗೂ ಮಿಸಳ."

ಆಗಲೂ ಕಾಗೆ ಇಳಿಯಲಿಲ್ಲ. ಕೊನೆಗೆ ಭಟ್ಟರು ದರ್ಭೆಯಲ್ಲಿ ಒಂದು ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿ, ಎಲ್ಲರನ್ನೂ ಊಟಕ್ಕೆ ಕಳಿಸಿದರು.

ನೂಲದಲ್ಲಿ ಈಗ ಪಾಯ ತೋಡಿಸುತ್ತಿದ್ದೇನೆ. ಕೆಲಸದವರು ಬುತ್ತಿ ಬಿಚ್ಚಿದರೆ ಸಾಕು, ಕಾಗೆಗಳು ಕರೆಯದೆಯೇ ಬರುತ್ತವೆ.