ಓಟದ ಟ್ರ್ಯಾಕಿನ ಮೇಲೊಂದು ಬ್ಯಾಟಲ್‌ಶಿಪ್

೨೦೨೩ರಲ್ಲಿ ನಾನು ದೇವನಹಳ್ಳಿ ಸಮೀಪದ ಒಂದು ಖಾಸಗಿ ಸೇನಾಭರ್ತಿ ತರಬೇತಿ ಕೇಂದ್ರದಲ್ಲಿ ಬೋಧಕನಾಗಿದ್ದೆ. ಅದಕ್ಕೂ ಮೊದಲು ನೌಕಾಪಡೆಯಲ್ಲಿ, ವಿಮಾನವಾಹಕ ನೌಕೆಯ ಡೆಕ್ ಮೇಲೆ ದುಡಿದವನು. ಡೆಕ್ ಎಂದರೆ ಹಡಗಿನ ನೆತ್ತಿಯ ಮೇಲಿನ ರನ್‌ವೇ. ಅಲ್ಲಿಂದ ವಿಮಾನ ಹಾರಿಸುವುದು, ಬಂದದ್ದನ್ನು ಇಳಿಸಿಕೊಳ್ಳುವುದು ನಮ್ಮ ತಂಡದ ಕೆಲಸ.

ಕೇಂದ್ರದ ಮಾಲೀಕ ಮುನಿರಾಜು ಸೈಟು ಮಾರಿ ಮೇಲೆ ಬಂದವರು. ಸಮುದ್ರ ನೋಡಿದ್ದು ಪ್ರವಾಸದಲ್ಲಿ ಮಾತ್ರ. ಆದರೂ ಆವರಣದಲ್ಲೊಂದು ಸಿಮೆಂಟಿನ ಬ್ಯಾಟಲ್‌ಶಿಪ್ ಕಟ್ಟಿಸುವ ಹುಚ್ಚು ಹತ್ತಿತು. ಬ್ಯಾಟಲ್‌ಶಿಪ್ ಎಂದರೆ ದಪ್ಪ ಉಕ್ಕಿನ ಕವಚ, ದೈತ್ಯ ಫಿರಂಗಿಗಳ ಹಳೆಯ ಕಾಲದ ಯುದ್ಧನೌಕೆ. ಗೇಟಿನ ಪಕ್ಕದ ಮೂಲೆಯಲ್ಲಿ ಕಟ್ಟಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ವಾಸ್ತು ಹೇಳುವವರೊಬ್ಬರು ಬಂದು ಹಡಗಿನ ಮೂತಿ ಈಶಾನ್ಯಕ್ಕೇ ಇರಬೇಕು ಎಂದುಬಿಟ್ಟರು. ಹಾಗೆ ತಿರುಗಿಸಲು ಆ ಮೂಲೆಯಲ್ಲಿ ಜಾಗ ಸಾಲಲಿಲ್ಲ. ಗುದ್ದಲಿ ಪೂಜೆ ನಡೆದದ್ದು ಓಟದ ಟ್ರ್ಯಾಕಿಗೆ ಅಡ್ಡಲಾಗಿ.

ಭರ್ತಿಯಲ್ಲಿ ಓಟದಲ್ಲಿ ಹಿಂದೆ ಬಿದ್ದರೆ ಮಿಕ್ಕಿದ್ದೆಲ್ಲ ದಂಡ. ನನ್ನ ವಿದ್ಯಾರ್ಥಿನಿ, ಕುಂದಾಣದ ಭವ್ಯ ಲಿಖಿತ ಪರೀಕ್ಷೆ ಪಾಸಾಗಿ ಓಟಕ್ಕೆ ಸಿದ್ಧಳಾಗುತ್ತಿದ್ದಳು. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತಿತ್ತು. ನಾನು ನೇರ ಮಾಲೀಕರ ಕೋಣೆಗೆ ನುಗ್ಗಿದೆ.

"ಮಕ್ಕಳು ಎಲ್ಲಿ ಓಡ್ಬೇಕು ಸಾರ್?"

"ರೋಡಿಲ್ವಾ ಮೇಷ್ಟ್ರೇ? ಮಿಲಿಟರಿ ಅಂದ್ಮೇಲೆ ಎಲ್ಲಾದ್ರೂ ಓಡ್ಬೇಕು. ಜನ ಅಡ್ಮಿಷನ್ ಮಾಡ್ಸೋದು ಹಡಗು ನೋಡಿ, ಟ್ರ್ಯಾಕ್ ನೋಡಲ್ಲ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ನನಗೆ ಮೈಯೆಲ್ಲ ಉರಿದುಹೋಯಿತು.

ಆಯುಧಪೂಜೆಯ ದಿನ ಉದ್ಘಾಟನೆ. ಸಿಮೆಂಟ್ ಫಿರಂಗಿಗಳಿಗೆ ಕುಂಕುಮ ಇಟ್ಟು, ಹಡಗಿನ ಮುಂದೆ ಬೂದುಗುಂಬಳ ಒಡೆದರು. ಬ್ಯಾಟಲ್‌ಶಿಪ್ಪಿನ ಮಹಿಮೆ ಹೇಳಿ ಎಂದು ನನ್ನ ಕೈಗೆ ಮೈಕ್ ಕೊಟ್ಟರು. ಹೇಳಿದೆ. ಜಪಾನಿನ ಯಮಾಟೊ ಜಗತ್ತಿನಲ್ಲೇ ಅತಿ ದೊಡ್ಡ ಬ್ಯಾಟಲ್‌ಶಿಪ್. ಅದರ ಗುಂಡು ನಲವತ್ತು ಕಿಲೋಮೀಟರ್ ಹಾರುತ್ತಿತ್ತು. ದೇವನಹಳ್ಳಿಯಲ್ಲಿ ಹೊಡೆದರೆ ಬೆಂಗಳೂರಿನ ಪೇಟೆಯಲ್ಲಿ ಬೀಳುವಷ್ಟು. ೧೯೪೫ರ ಏಪ್ರಿಲ್‌ನಲ್ಲಿ ಅಮೆರಿಕದ ವಿಮಾನವಾಹಕ ನೌಕೆಗಳು ನೂರಾರು ಕಿಲೋಮೀಟರ್ ದೂರದಲ್ಲೇ ನಿಂತು ವಿಮಾನ ಕಳಿಸಿದವು. ಆ ವಿಮಾನಗಳ ಬಾಂಬು, ಟಾರ್ಪೆಡೊಗಳಿಗೆ ಯಮಾಟೊ ಮುಳುಗಿತು. ಅದರ ದೈತ್ಯ ಫಿರಂಗಿಗೆ ಒಂದು ವಿಮಾನವಾಹಕವೂ ಎಟುಕಲಿಲ್ಲ. ಸುಮಾರು ಮೂರು ಸಾವಿರ ನಾವಿಕರು ಸತ್ತರು.

"ವಿಮಾನದ ಕಾಲ ಬಂತು ಅಂತ ಹೇಳೋರು ಹೇಳಿದ್ರು. ದೊಡ್ಡಸ್ತಿಕೆ ಮುಂದೆ ಯಾರೂ ಕೇಳ್ಲಿಲ್ಲ. ನಾವೂ ಅದನ್ನೇ ಮಾಡಿದ್ದೀವಿ, ಈ ಮಕ್ಕಳ ಟ್ರ್ಯಾಕ್ ಮೇಲೆ," ಎಂದೆ.

ಮುನಿರಾಜು ಮೈಕ್ ಕಿತ್ತುಕೊಂಡರು. "ಪೂಜೆ ದಿನ ಅಪಶಕುನ ನುಡೀತೀರೇನ್ರೀ? ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ!"

ಕೆಲಸ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಮಕ್ಕಳು ರಸ್ತೆಯಲ್ಲೇ ಓಡತೊಡಗಿದರು. ಒಂದು ಬೆಳಿಗ್ಗೆ ಜಲ್ಲಿ ಟಿಪ್ಪರ್ ಮೈಮೇಲೆ ಬಂದಂತಾಗಿ ಭವ್ಯ ಚರಂಡಿಗೆ ಹಾರಿದಳು. ಕಣಕಾಲು ಮುರಿಯಿತು. ಓಟದ ಪರೀಕ್ಷೆಯ ದಿನ ಅವಳು ಮಂಚದ ಮೇಲಿದ್ದಳು. ಹಡಗಿನ ಫೋಟೋ ಮಾತ್ರ ದೊಡ್ಡಬಳ್ಳಾಪುರದ ಬಸ್‌ಗಳ ಬೆನ್ನಿಗೆಲ್ಲ ಅಂಟಿತ್ತು. ಮುನಿರಾಜು ಅವಳ ಮನೆಯ ಹೊಸಿಲು ತುಳಿಯಲಿಲ್ಲ. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾನು ನೋಡಲು ಹೋದಾಗ ಭವ್ಯ ಅಳಲಿಲ್ಲ. ಬ್ಯಾಂಡೇಜ್ ಸುತ್ತಿದ ಕಾಲನ್ನೇ ನೋಡುತ್ತ ಕೇಳಿದಳು: "ಸಾರ್, ಆ ಯಮಾಟೊ ಮುಳುಗ್ದಾಗ ಅದನ್ನ ಕಟ್ಟಿಸ್ಲೇಬೇಕು ಅಂತ ಹಟ ಹಿಡಿದಿದ್ರಲ್ಲ, ಅವ್ರೂ ಒಳಗಿದ್ರಾ?"

ನೌಕಾಪಡೆಯಲ್ಲಿ ಅಷ್ಟು ವರ್ಷ ದುಡಿದು ನಾನು ಕಲಿತ ಪಾಠವನ್ನೇ ಅವಳಿಗೆ ಹೇಳಬೇಕಾಯಿತು.

"ಇಲ್ಲಮ್ಮ. ಕಟ್ಟಿಸ್ದೋರು ಯಾವತ್ತೂ ದಡದಲ್ಲೇ ಇರ್ತಾರೆ."