ಹತ್ತಿಗೂ ಸೂಜಿ ಹಾಕಿದ್ದು

ಹೋದ ವರ್ಷ ಹರಿಯಬ್ಬೆಯ ನಮ್ಮ ಹೊಲದ ಹತ್ತಿಯನ್ನು ಮಾವ ನನ್ನ ವಶಕ್ಕೆ ಬಿಟ್ಟರು. ಮದುವೆಯಾಗಿ ಬಂದ ಮೇಲೆ ನನ್ನದೇ ಅಂತ ಸಿಕ್ಕ ಮೊದಲ ಬೆಳೆ. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಹೋಗಿ ಗಿಡಗಳನ್ನು ಮಾತಾಡಿಸಿ ಬರುತ್ತಿದ್ದೆ. ಅಷ್ಟರಲ್ಲಿ ಹೇನು ಬಿತ್ತು ನೋಡಿ! ಎಲೆಯ ಅಡಿಯೆಲ್ಲ ಹೇನು, ಮುಟ್ಟಿದರೆ ಅಂಟು ಅಂಟು, ಕುಡಿಗಳೆಲ್ಲ ಮುದುಡಿ ಕೂತಿದ್ದವು.

ಹಿರಿಯೂರಿನ ಔಷಧಿ ಅಂಗಡಿಯವರು ಕೊಟ್ಟದ್ದು ಅಂತರ್ವ್ಯಾಪಿ ಕೀಟನಾಶಕ. ಗಿಡ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ರಸ ಹೀರಿದ ಹೇನು ಸಾಯುತ್ತದೆ, ಸ್ವಲ್ಪ ತಾಳ್ಮೆ ಇರಲಿ, ಹೊಲಕ್ಕೆ ದನ ಕುರಿ ಬಿಡಬೇಡಿ ಅಂದಿದ್ದರು. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಗಾಳಿ ಇಲ್ಲದ ಹೊತ್ತು ನೋಡಿ ಹೊಡೆದೆ.

ಮಾರನೇ ಬೆಳಿಗ್ಗೆ ಮಾವ ಎಲೆ ಮಗುಚಿ ನೋಡಿದರು. ಹೇನು ಆರಾಮಾಗಿ ಕೂತಿತ್ತು. ಹುಟ್ಟಿದಾಗಿನಿಂದ ಕುರಿ ಕಾದವರು ಅವರು. ಉಣ್ಣಿ ಹತ್ತಿದ ಕುರಿಯನ್ನು ನಾರುವ ಔಷಧಿಯಲ್ಲಿ ಅದ್ದಿದರೆ ಸಂಜೆಯೊಳಗೆ ಉಣ್ಣಿ ಉದುರಬೇಕು, ಅದು ಅವರ ಲೆಕ್ಕ. ಎಲೆ ಮೂಸಿದರು. ವಾಸನೆಯೂ ಇಲ್ಲ.

“ಏನಮ್ಮ, ನೀರು ಹೊಡ್ದು ಬಂದಿದೀಯಲ್ಲ! ನಿಂಗೆ ಚೆನ್ನಾಗಿ ಟೋಪಿ ಹಾಕ್ಯಾರೆ. ಈ ಹತ್ತಿ ಕೆಟ್ಟೋತು, ಕುರಿನಾದ್ರೂ ಮೇಯ್ಲಿ” ಅಂದವರೇ ಕುರಿ ಕೂಡಿದ್ದ ರೊಪ್ಪದ ಕಡೆ ನಡೆದರು.

ತಮಾಷೆ ಅಂದುಕೊಂಡೆ. ನೋಡಿದರೆ ಇಡೀ ಹಿಂಡು ಬರುತ್ತಿದೆ! ಮುಂದೆ ಅವರ ಮುದ್ದಿನ ಟಗರು. ನನ್ನ ಗಂಡನಿಗೂ ಇಲ್ಲದ ಉಪಚಾರ ಅದಕ್ಕೆ. ಬದುವಿನ ಮೇಲೆ ಕೈ ಚಾಚಿ ಅಡ್ಡ ನಿಂತೆ. ಹೆದರಿಕೆಗೆ ಹಾಳಾದ ನಗು ಬೇರೆ ಉಕ್ಕಿ ಬರುತ್ತಿತ್ತು.

“ಬ್ಯಾಡ್ರೀ ಮಾವ, ಕುರಿ ಸಾಯ್ತವೆ!”

“ಹೇನೇ ಸಾಯ್ಲಿಲ್ಲ, ಕುರಿ ಸಾಯ್ತವಾ? ಸರಿ ಅತ್ಲಾಗೆ.”

“ಹೋದ್ಸಲ ಈ ಟಗರಿಗೆ ಡಾಕ್ಟ್ರತ್ರ ಸೂಜಿ ಹಾಕಿಸಿದ್ರಲ್ಲ, ಆಗ ಉಣ್ಣಿ ಹೆಂಗೆ ಸತ್ವು?”

“ಅದು ರಕ್ತದಾಗೆ ಸೇರ್ಕಂತು. ರಕ್ತ ಕುಡ್ಕುಡ್ದು ಉಣ್ಣಿ ಸತ್ವು, ನಿಧಾನಕ್ಕೆ.”

“ಹತ್ತಿಗೂ ಸೂಜಿನೇ ಹಾಕಿರೋದು ಮಾವ! ಎಲೆಯೊಳಗೆಲ್ಲ ಔಷ್ದಿ ಐತೆ!”

ಮಾವ ಹಿಂಡಿಗೆ ಕೋಲು ಅಡ್ಡ ಹಿಡಿದರು. ಸೂಜಿ ಹಾಕಿದ ಕುರಿಯ ಮಾಂಸದಲ್ಲಿ ಔಷಧಿ ಇರುತ್ತದೆ, ಕೆಲವು ದಿನ ಕೊಯ್ಯಬಾರದೆಂದು ಊರಿಗೆಲ್ಲ ಹೇಳುತ್ತಿದ್ದವರು ಅವರೇ. ಅಷ್ಟರಲ್ಲಿ ಟಗರು ನನ್ನ ಪಕ್ಕದಿಂದ ನುಸುಳಿ ಮೊದಲ ಗಿಡಕ್ಕೆ ಮೂತಿ ಚಾಚಿತು. “ಲೇಲೇಲೇ, ನನ್ನಪ್ಪಾ!” ಎಂದು ಮಾವ ಹಾರಿ, ಎರಡೂ ಕೊಂಬು ಹಿಡಿದು, ಟಗರಿನ ಜೊತೆ ತಾವೂ ಬದುವಿನಾಚೆ ಉರುಳಿದರು. ಪಂಚೆ ಎತ್ತಲೋ, ಟವಲ್ಲು ಎತ್ತಲೋ. ಎದ್ದವರೇ ಟಗರಿನ ಬಾಯಿಗೆ ಬೆರಳು ಹಾಕಿ ನೋಡಿದರು. ಒಂದು ಚೂರು ಎಲೆಯೂ ಇರಲಿಲ್ಲ. ಅವರಿಗೇ ನಗು ತಡೆಯಲಾಗಲಿಲ್ಲ. ನಾನಂತೂ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದೆ.

ಕೆಲವು ದಿನಕ್ಕೆ ಹೇನು ಒಣಗಿ ಉದುರಿತು, ಹೊಸ ಕುಡಿ ಬಂತು. ಅಷ್ಟು ದಿನವೂ ಮಾವ ಕೋಲು ಹಿಡಿದು ಬದುವಿನ ಮೇಲೆ ಕಾವಲು ಕೂತಿದ್ದರು. ಹಿಂಡು ಹೊಡೆದುಕೊಂಡು ಬರುವವರಿಗೆಲ್ಲ ದೂರದಿಂದಲೇ ಕೂಗುತ್ತಿದ್ದರು: “ಕುರಿ ಅತ್ತ ಹೊಡ್ಕಳ್ರಪ್ಪೋ! ಇದು ನಮ್ಮ ಸೊಸೆ ಹತ್ತಿ!”