ಚಕ್ಕುಲಿ ಡಬ್ಬದ ಬೂಸ್ಟರು

ಕೊಪ್ಪದಲ್ಲಿ ಕಾರು ಓಡಿಸೋದು ಕಲಿಸೋರು ಹತ್ತು ಜನ ಸಿಗ್ತಾರೆ, ನಿಲ್ಲಿಸೋ ಹಾಗೆ ಮಾಡಿಕೊಡೋನು ನಾನೊಬ್ಬನೇ. ಇದನ್ನ ನಾನೇ ಹೇಳ್ಕೋಬೇಕಾಗಿದೆ, ಯಾಕಂದ್ರೆ ಬೇರೆ ಯಾರೂ ಹೇಳೋದಿಲ್ಲ. ನಲವತ್ತು ವರ್ಷ ಗ್ಯಾರೇಜ್ ನಡೆಸಿದೀನಿ. ಬ್ರೇಕ್ ಹೋದ ಜೀಪುಗಳು ಶೃಂಗೇರಿ ಕಡೆಯಿಂದ ಉಸಿರು ಬಿಗಿಹಿಡ್ಕಂಡು ಬಂದು ನನ್ನ ಶೆಡ್ಡಿನ ಎದುರಿನ ಹಲಸಿನ ಮರಕ್ಕೆ ಒರಗಿ ನಿಲ್ತಿದ್ವು. ಮರಕ್ಕೆ ಬಂಪರಿನ ಗುರುತು ಇನ್ನೂ ಇದೆ. ನನ್ನ ಬೋರ್ಡಿಗಿಂತ ಆ ಗುರುತು ನೋಡಿ ಬರೋ ಗಿರಾಕಿಗಳೇ ಜಾಸ್ತಿ.

ಇಂಥ ನನಗೆ ಒಬ್ಬ ಭಾವಮೈದ. ಹೆಂಡತಿಗೆ ಇರೋನು ಅವನೊಬ್ಬನೇ ತಮ್ಮ. ಐವತ್ತು ದಾಟಿದೆ, ಅಡಿಕೆ ವ್ಯಾಪಾರ, ಹೊಟ್ಟೆ ಸ್ಟೇರಿಂಗಿಗೆ ತಾಗುತ್ತೆ. ಅಡಿಕೆ ಕಡಿದು ನೋಡಿದ್ರೆ ಯಾರ ತೋಟದ್ದು ಅಂತ ಹೇಳೋವಷ್ಟು ಬುದ್ಧಿವಂತ, ಕಾರಿನ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ವೇದ. ಒಂದು ಸಲ ಮಳೆಗಾಲ ಶುರುವಾಗೋ ಹೊತ್ತಿಗೆ, ‘ಟಯರಲ್ಲಿರೋ ಬೇಸಿಗೆ ಗಾಳಿ ಬಿಟ್ಟು ಮಳೆಗಾಲದ ಗಾಳಿ ತುಂಬಿಸ್ಕೋ ಮಾರಾಯ, ಇಲ್ಲದಿದ್ರೆ ಜಾರುತ್ತೆ’ ಅಂದಿದ್ದೆ. ಎರಡು ವರ್ಷ ತಪ್ಪದೆ ತುಂಬಿಸ್ಕಂಡ. ಪರಿಚಯದವರಿಗೂ ಹೇಳಿದ. ಮೇಗುಂದದಲ್ಲಿ ಈಗಲೂ ಒಂದಿಬ್ಬರು ತುಂಬಿಸ್ಕೋತಾರೆ ಅಂತ ಕೇಳಿದೀನಿ.

ಇವನಿಗೆ ಡ್ರ್ಯಾಗ್ ರೇಸಿನ ಹುಚ್ಚು ಹಿಡೀತು. ಎರಡು ಕಾರು ಅಕ್ಕಪಕ್ಕ ನಿಂತು, ನೇರ ರಸ್ತೇಲಿ ಒಂದೇ ಉಸಿರಿಗೆ ಓಡಿ, ಗೆರೆ ಮೊದಲು ದಾಟಿದೋನು ಗೆದ್ದ. ಅಷ್ಟೇ ಆಟ. ನಮ್ಮ ಮೂರು ತಾಲ್ಲೂಕಿನಲ್ಲಿ ನೇರ ರಸ್ತೆ ಎಲ್ಲಿದೆ ಅಂತ ಕೇಳಿದೆ. ಇತ್ತು. ಎನ್.ಆರ್.ಪುರದ ಆಚೆ ಯಾರೋ ಒಬ್ಬರು ಗುಡ್ಡ ಸಮತಟ್ಟು ಮಾಡಿ, ಸೈಟು ಮಾರ್ತೀನಿ ಅಂತ ಉದ್ದಕ್ಕೆ ಡಾಂಬರು ಹಾಕಿದ್ರು. ರಸ್ತೆ ಬಂತು, ದೀಪದ ಕಂಬ ಬಂತು, ಬಾಗಿಲಿಗೆ ಕಮಾನು ಬಂತು, ಮನೆ ಮಾತ್ರ ಒಂದೂ ಬರಲಿಲ್ಲ. ಅಲ್ಲಿ ಸೀತೂರು ಕಡೆ ಹುಡುಗರ ಒಂದು ಸಂಘ ರೇಸ್ ಇಟ್ಟಿತ್ತು.

ಭಾವಮೈದ ಒಂದು ಹಳೇ ಸಣ್ಣ ಕಾರು ತಂದ. ಹಿಂದಿನ ಸೀಟು ಕಿತ್ತು, ಮ್ಯಾಟು ಕಿತ್ತು, ಹಗುರ ಮಾಡಿ, ಎಲ್ಲಿಂದಲೋ ದೊಡ್ಡ ಇಂಜಿನ್ ತರಿಸಿ ಕೂರಿಸಿದ್ದ. ಬಾಗಿಲ ಮೇಲೆ ಬೆಂಕಿಯ ಸ್ಟಿಕರು.

“ಓಡೋದೆಲ್ಲ ರೆಡಿ ಭಾವ. ಬ್ರೇಕ್ ಒಂಚೂರು ನೋಡಿಬಿಡಿ,” ಅಂದ. ಮದುವೆ ಮನೇಲಿ ಎಲೆ ಎತ್ತೋದಕ್ಕೆ ಜನ ಕರೆಯೋ ಹಾಗೆ.

ನಾನು ಮೊದಲು ಹೋಗಿ ರಸ್ತೆ ನೋಡ್ಕಂಡು ಬಂದೆ. ಗೆರೆ ದಾಟಿದ ಮೇಲೆ ಉಳಿಯೋ ರಸ್ತೆ ನನ್ನ ಹೆಜ್ಜೇಲಿ ನೂರ ಇಪ್ಪತ್ತು. ಅದರಾಚೆ ಜಂಬಿಟ್ಟಿಗೆ ಕಲ್ಲು ತೆಗೆದ ಹೊಂಡ, ಎರಡಾಳು ಆಳ. ಹೊಂಡದ ಮುಂದೆ ಶಾಮಿಯಾನಕ್ಕೆ ಗೂಟ ಹೊಡೀತಿದ್ರು.

“ಇಲ್ಲಿ ಎಂತಕ್ಕೆ ಮಾರಾಯ್ರೆ?” ಅಂದೆ.

“ಮುಖ್ಯ ಅತಿಥಿಗಳಿಗೆ ಕಾರು ಎದುರಿಂದ ಬರೋದು ಕಾಣಬೇಕಲ್ಲ!”

ಕಾಣುತ್ತೆ. ಚೆನ್ನಾಗೇ ಕಾಣುತ್ತೆ.

ನಾಲ್ಕು ದಿನ ಕೂತು ಕೆಲಸ ಮಾಡಿದೆ. ಮುಂದಿನ ಚಕ್ರಕ್ಕೆ ಡಿಸ್ಕು, ಹಿಂದಿನದಕ್ಕೆ ಡ್ರಮ್ಮು. ಬೂಸ್ಟರ್ ಕಿತ್ತು ಬಿಸಾಕಿದೆ. ಬೂಸ್ಟರ್ ಅಂದ್ರೆ ಬಾನೆಟ್ ಒಳಗಿರೋ ಕಪ್ಪು ದುಂಡು ಡಬ್ಬ. ಇಂಜಿನ್ ಗಾಳಿ ಹೀರೋ ಎಳೆತ ತಗೊಂಡು ಕಾಲಿನ ಶಕ್ತಿ ಹೆಚ್ಚಿಸಿಕೊಡುತ್ತೆ. ರೇಸಿಗೆ ಅಂತ ತಿದ್ದಿದ ಈ ಇಂಜಿನ್ನಿಗೆ ಸದ್ದಿತ್ತೇ ಹೊರತು ಎಳೆತ ಇರಲಿಲ್ಲ. ಹಾಗಾಗಿ ಕಾಲೇ ಎಲ್ಲ ಮಾಡಬೇಕು. ಅದಕ್ಕೆ ಚಕ್ರಗಳಿಗೆ ಬ್ರೇಕ್ ಎಣ್ಣೆ ತಳ್ಳೋ ಮಾಸ್ಟರ್ ಸಿಲಿಂಡರ್ ಸಣ್ಣ ಬಾಯಿಂದು ಹಾಕಿದೆ. ಪೆಡಲಿಗೆ ರಾಡು ಸೇರೋ ತೂತನ್ನ ಮೇಲಕ್ಕೆ ಕೊರೆದೆ. ಸನ್ನೆಕೋಲು ಉದ್ದ ಇದ್ದಷ್ಟೂ ಕಲ್ಲು ಹಗುರಾಗುತ್ತಲ್ಲ, ಅದೇ ಲೆಕ್ಕ. ಹಿಂದಿನ ಡ್ರಮ್ಮಿಗೆ ಸ್ಕ್ರೂಡ್ರೈವರ್ ತೂರಿಸಿ, ಚಕ್ರ ಕಚ್ಚೋವರೆಗೆ ಒಳಗಿನ ಬ್ರೇಕ್ ಶೂ ಬಿಗಿ ಮಾಡಿ, ಆಮೇಲೆ ಹಲ್ಲು ಹಲ್ಲಾಗಿ ಸಡಿಲ ಬಿಟ್ಟೆ. ಶೂ ಡ್ರಮ್ಮಿಗೆ ಸವರಿಯೂ ಸವರದ ಹಾಗೆ ‘ಸ್ಸ್’ ಅನ್ನಬೇಕು, ಅಷ್ಟೇ. ಹಿಂದಿನದು ಮುಂದಿನದಕ್ಕಿಂತ ಮೊದಲು ಕಚ್ಚಿದ್ರೆ ಇಂಥ ಹಗುರ ಕಾರು ಬಾಲ ತಿರುಗಿಸಿ ಬಂದ ದಾರಿ ನೋಡುತ್ತೆ.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯೋಕೆ ಹೆಂಡತಿ ಪೆಡಲ್ ಮೇಲೆ ಕಾಲಿಟ್ಟು ಕೂತಿದ್ದಳು. ನಾನು ಚಕ್ರದ ಅಡಿ.

“ಒತ್ತು.”

“ಒತ್ತಿದೆ.”

“ಹಿಡ್ಕೋ. ಬಿಡು ಅಂದ ಮೇಲೆ ಬಿಡು.”

“ಮದುವೆಯಾದಾಗಿಂದ ಹಿಡ್ಕಂಡೇ ಇದೀನಿ. ನೀವು ಬಿಡು ಅಂದಿದ್ದೇ ಇಲ್ಲ.” ಆಮೇಲೆ ಮೆಲ್ಲಗೆ ಕೇಳಿದಳು, “ನಿಲ್ಲುತ್ತೆ ತಾನೆ ಇದು? ಅವನಿಗೆ ಎಂತದೂ ಆಗಲ್ಲ ಅಲ್ದ?”

“ನಾನು ಮಾಡಿದ ಬ್ರೇಕು!” ಅಂದೆ. ಚಕ್ರದ ಅಡಿಯಿಂದಲೇ ಎದೆ ಉಬ್ಬಿಸಿದೆ.

ಭಾವಮೈದ ಬಂದ, ಬಾನೆಟ್ ಎತ್ತಿದ, ಮುಖ ಬಾಡಿತು. “ಎಂತ ಭಾವ, ಬೂಸ್ಟರೇ ಇಲ್ಲ? ಶಿವಮೊಗ್ಗದಿಂದ ಬರೋ ಕಾರಿಗೆಲ್ಲ ಇರುತ್ತೆ. ನನ್ನದು ಹಳೇ ಲಾರಿ ಅಂತಾರೆ.” ತೂತಿನ ವಿಷಯ ಹೇಳಿದೆ, ಸಿಲಿಂಡರ್ ವಿಷಯ ಹೇಳಿದೆ. ಕೇಳಲಿಲ್ಲ. ಪೆಡಲ್ ಒತ್ತಿ, “ಕಲ್ಲು ಒತ್ತಿದ ಹಾಗಿದೆ” ಅಂದ. ಮೊಬೈಲ್ ತೆಗೆದು ಯಾರ್‍ಯಾರದೋ ಬೂಸ್ಟರಿನ ಫೋಟೋ ತೋರಿಸಿದ.

ನನಗೆ ಉರಿದುಹೋಯ್ತು. ಅಡುಗೆಮನೆಗೆ ಹೋಗಿ ಚಕ್ಕುಲಿಯ ದುಂಡು ಡಬ್ಬ ತಂದೆ. ಒಳಗಿದ್ದ ಚಕ್ಕುಲೀಲಿ ಮುಕ್ಕಾಲು ಪಾಲು ತಿಂದೆ. ಖಾಲಿ ಡಬ್ಬ ಟಣ್ ಅನ್ನುತ್ತೆ ಅಂತ ಉಳಿದಿದ್ದನ್ನ ಒಳಗೇ ಬಿಟ್ಟೆ. ಕಪ್ಪು ಬಣ್ಣ ಬಳಿದು, ಮಾಸ್ಟರ್ ಸಿಲಿಂಡರ್ ಪಕ್ಕ ಪಟ್ಟಿ ಹಾಕಿ ಬಿಗಿದು, ಒಂದು ರಬ್ಬರ್ ಪೈಪನ್ನ ಅದರ ಹಿಂದಿನಿಂದ ಎಲ್ಲಿಗೂ ಹೋಗದ ಹಾಗೆ ಬಿಟ್ಟೆ.

ಮಾರನೇ ದಿನ ಬಂದ. ಶೆಡ್ಡಿನ ಅಂಗಳದಲ್ಲಿ ಎರಡು ಸುತ್ತು ಹೊಡೆದು ಇಳಿದ. “ಆಹಾ! ಬೆಣ್ಣೆ ಭಾವ, ಬೆಣ್ಣೆ! ನಿನ್ನೆಗೂ ಇವತ್ತಿಗೂ ಎಷ್ಟು ವ್ಯತ್ಯಾಸ!”

ಒಂದು ಕೂದಲಷ್ಟೂ ವ್ಯತ್ಯಾಸ ಇರಲಿಲ್ಲ. ನಾಲ್ಕು ದಿನ ಬೆನ್ನು ಮುರಿದ ನನಗೆ ಒಂದು ಒಳ್ಳೇ ಮಾತಿಲ್ಲ, ಚಕ್ಕುಲಿ ಡಬ್ಬಕ್ಕೆ ಸನ್ಮಾನ! ಅವನು ಅದನ್ನ ಬಸ್‌ಸ್ಟ್ಯಾಂಡಿನ ಹೋಟೆಲ್ಲಿಗೂ ತಂದು ಬಾನೆಟ್ ಎತ್ತಿ ತೋರಿಸಿದ. ಎಂಟು ಜನ ಬಗ್ಗಿ ನೋಡಿದ್ರು, ಎಂಟು ಜನವೂ ತಲೆದೂಗಿದ್ರು. ಒಬ್ಬರು, “ಫಾರಿನ್ ಅಲ್ವಾ?” ಅಂದ್ರು. ನಾನು ಮೂಲೇಲಿ ಕೂತು ನಗು ತಡೆಯೋಕೆ ಹೋಗಿ ಕಾಫಿ ಮೂಗಿಗೆ ಹತ್ತಿಸ್ಕಂಡೆ. ಒಂದು ವಾರ ನನ್ನಂಥ ಸುಖಿ ಕೊಪ್ಪದಲ್ಲಿ ಇರಲಿಲ್ಲ.

ರೇಸಿನ ದಿನ ಬೆಳಿಗ್ಗೆ ಅಭ್ಯಾಸಕ್ಕೆ ಅಂತ ಅರ್ಧ ಸ್ಪೀಡಲ್ಲಿ ಒಂದು ಓಟ ಓಡಿದ. ನಾನು ಗೆರೆ ಹತ್ತಿರ ನಿಂತಿದ್ದೆ. ದಾಟಿದ, ಹೋದ, ಹೋದ, ಹೋಗ್ತಾನೇ ಇದ್ದ. ನಿಂತ ಜಾಗಕ್ಕೆ ಹೆಜ್ಜೆ ಹಾಕಿದೆ. ಎಂಬತ್ತು. ಅರ್ಧ ಸ್ಪೀಡಿಗೇ ಎಂಬತ್ತು ಹೆಜ್ಜೆ! ಪೂರ್ತಿ ಸ್ಪೀಡಿನ ಲೆಕ್ಕ ಹಾಕೋಕೆ ನನಗೆ ಧೈರ್ಯ ಬರಲಿಲ್ಲ.

“ಗಟ್ಟಿ ಒತ್ತಲಿಲ್ಲನ?”

“ಎಂತಕ್ಕೆ ಭಾವ? ಬೂಸ್ಟರ್ ಇದೆಯಲ್ಲ!” ಅಂದ. ಕಾಲಿನ ಹೊಸ ಶೂ ಎತ್ತಿ ತೋರಿಸಿದ. “ಹೆಬ್ಬೆರಳು ಸಾಕು.”

ನನ್ನ ಬ್ರೇಕು ಸರಿಯಾಗಿತ್ತು, ಅದನ್ನ ಒತ್ತೋ ಕಾಲನ್ನ ನಾನೇ ಕೆಡಿಸಿದ್ದೆ. ಆಚೆ ತುದೀಲಿ ಶಾಮಿಯಾನದ ಮುಂದಿನ ಸಾಲಲ್ಲಿ ಹೆಂಡತಿ ಕೂತು ತಮ್ಮನಿಗೆ ಕೈ ಬೀಸ್ತಿದ್ದಳು.

ಮೊದಲು ಮರ್ಯಾದೆ ಉಳಿಸ್ಕಳೋ ದಾರಿ ಹಿಡಿದೆ. “ಇವತ್ತು ಯಾಕೋ ಬೂಸ್ಟರ್ ಮಂಕಾಗಿದೆ. ಕಾಲು ಮುರಿಯೋ ಹಾಗೆ ಒತ್ತು ಮಾರಾಯ.”

“ಹೆದರಿಸಬೇಡಿ ಭಾವ.” ಹೆಲ್ಮೆಟ್ ಹಾಕ್ಕಂಡ. ಕಾರನ್ನ ಗೆರೆಗೆ ತಂದು ನಿಲ್ಲಿಸಿದ. ಪಕ್ಕದಲ್ಲಿ ಶಿವಮೊಗ್ಗದ ಕಾರು ಗುರುಗುಟ್ಟುತ್ತಾ ಇತ್ತು.

ನಾನು ಕಾರಿನ ಮುಂದೆ ಹೋಗಿ ಅಡ್ಡ ನಿಂತೆ. “ಅದು ಬೂಸ್ಟರ್ ಅಲ್ಲ. ನಿನ್ನ ಅಕ್ಕನ ಚಕ್ಕುಲಿ ಡಬ್ಬ.”

ಬಿದ್ದು ಬಿದ್ದು ನಕ್ಕ. “ಬೇಸಿಗೆ ಗಾಳಿ, ಮಳೆಗಾಲದ ಗಾಳಿ, ಈಗ ಚಕ್ಕುಲಿ ಡಬ್ಬ! ಈ ಸಲ ನಾನು ಬೀಳಲ್ಲ ಭಾವ. ಜಾಗ ಬಿಡಿ.”

ಜನ್ಮದಲ್ಲಿ ಒಂದು ಸಲ ನಿಜ ಹೇಳಿದೆ, ಅದಕ್ಕೆ ಇಷ್ಟು ಬೆಲೆ. ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಹಾಕಿ ಮುಚ್ಚಳ ಮೀಟಿದೆ. ಪಟಕ್ ಅಂತ ಹಾರಿತು. ಅರ್ಧ ಚಕ್ಕುಲಿ ಬ್ಯಾಟರಿ ಮೇಲೆ ಬಿತ್ತು. ಮೈಕು ಹಿಡಿದೋನು ಬಗ್ಗಿ ನೋಡಿದ, ಅವನ ಹೊಟ್ಟೆ ತಣ್ಣಗಿರಲಿ, ಇಡೀ ಬಡಾವಣೆಗೆ ಕೇಳೋ ಹಾಗೆ ಕೂಗಿದ: “ಬೂಸ್ಟರ್ ಒಳಗೆ ಚಕ್ಕುಲಿ ಇದೆ ಬಂಧುಗಳೇ!”

ಶಾಮಿಯಾನದಿಂದ ಮೈಕಿಲ್ಲದೆಯೇ ಉತ್ತರ ಬಂತು: “ಅಯ್ಯೋ, ನನ್ನ ಡಬ್ಬ!”

ಜನ ನಕ್ಕಿದ್ದು ಹೇಳೋದಿಲ್ಲ. ಭಾವಮೈದ ನಗಲಿಲ್ಲ. ಅವನ ಕಣ್ಣು ಕೆಂಪಾಗಿತ್ತು. “ಹೋಟೆಲಲ್ಲಿ ಎಲ್ಲರ ಮುಂದೆ…” ಅಂದ.

“ಬ್ರೇಕ್ ಸರಿ ಇದೆ,” ಅಂತ ಬಾನೆಟ್ ಮುಚ್ಚಿದೆ. “ಅದು ಮಾತ್ರ ಸುಳ್ಳಲ್ಲ. ಕಾಲು ಪೂರ್ತಿ ಇಡು. ನನ್ನ ತಲೆ ಅಂತ ತಿಳ್ಕೊಂಡು ಒತ್ತು.”

ಕಿಟಕಿ ಗ್ಲಾಸ್ ಏರಿಸ್ಕಂಡ. ಬಾವುಟ ಬಿತ್ತು. ಇಬ್ಬರೂ ಓಡಿದ್ರು. ನಾನು ಕಣ್ಣು ಮುಚ್ಚಲಿಲ್ಲ, ಮುಚ್ಚಿದೆ ಅಂತ ಹೆಂಡತಿ ಹೇಳೋದು ಸುಳ್ಳು. ಅವಳು ಆ ತುದೀಲಿ ಇದ್ದಳು. ಶಿವಮೊಗ್ಗದ ಕಾರು ಅರ್ಧ ಉದ್ದ ಮೊದಲು ಗೆರೆ ದಾಟಿತು. ಅದರ ಹಿಂದೆ ನಮ್ಮದು ದಾಟಿತು, ಮೂಗು ನೆಲಕ್ಕೆ ಊರಿತು, ಟಯರು ಕಿರುಚಿತು, ಬಾಲ ಒಂದಿಷ್ಟೂ ಅಲ್ಲಾಡಲಿಲ್ಲ. ನಿಂತಿತು. ಹೋಗಿ ಹೆಜ್ಜೆ ಹಾಕಿದೆ. ಎಪ್ಪತ್ತು. ಗೆದ್ದ ಕಾರು ಶಾಮಿಯಾನದ ಹಗ್ಗಕ್ಕೆ ಮೂತಿ ತಾಗಿಸಿ ನಿಂತಿತ್ತು, ಮುಖ್ಯ ಅತಿಥಿಗಳು ಕುರ್ಚಿ ಮೇಲೆ ಹತ್ತಿ ನಿಂತಿದ್ರು. ಅಲ್ಲಿಂದಲೇ ಮಾಲೆ ಹಾಕಿದ್ರು. ಮಾಲೆ ಯಾವತ್ತೂ ಓಡಿದೋನಿಗೇ. ನಿಲ್ಲಿಸಿದೋನಿಗೆ ಯಾರೂ ಹಾಕಿದ್ದು ನಾನು ನೋಡಿಲ್ಲ.

ಭಾವಮೈದ ಇಳಿದು ಬಂದ. “ಎರಡೂ ಕಾಲಲ್ಲಿ ಒತ್ತಿದೆ. ನೀವು ಹೇಳಿದ ಹಾಗೇ ತಿಳ್ಕೊಂಡು,” ಅಂದ.

“ಗೊತ್ತಾಯ್ತು. ತಲೆ ನೋಯ್ತಾ ಇದೆ,” ಅಂದೆ. ಆಗಲೂ ನಗಲಿಲ್ಲ ಅವನು. ಎರಡು ತಿಂಗಳು ಮನೆ ಕಡೆ ತಲೆ ಹಾಕಲಿಲ್ಲ.

ಈಗ ಬರ್ತಾನೆ. ಅಕ್ಕ ಕಾಫಿ ಕೊಟ್ಟರೆ ಕುಡೀತಾನೆ. ನಾನು ಕೊಟ್ಟರೆ ಮೊದಲು ಲೋಟಕ್ಕೆ ಬೆರಳಲ್ಲಿ ತಟ್ಟಿ ನೋಡ್ತಾನೆ. ಗಿರಾಕಿಗಳೂ ಅಷ್ಟೇ. ಬ್ರೇಕ್ ಕೆಲಸ ಮುಗಿಸಿ ಕೊಟ್ಟರೆ, ಬಾನೆಟ್ ಎತ್ತಿ ದುಂಡಗಿರೋದನ್ನೆಲ್ಲ ಟಣ್ ಟಣ್ ಬಡಿದು, ಕಿವಿ ಇಟ್ಟು ಕೇಳಿಯೇ ಕೀಲಿಕೈ ತಗೊಳ್ತಾರೆ. ನಲವತ್ತು ವರ್ಷದ ಹೆಸರು ನನ್ನದು! ಹೆಂಡತಿ ಡಬ್ಬದ ಬಣ್ಣ ಕೆರೆಯೋಕೆ ಬಿಡಲಿಲ್ಲ. ಚಕ್ಕುಲಿ ಅದರಲ್ಲೇ ಹಾಕಿಡ್ತಾಳೆ, ನನ್ನ ಕೈಗೆಟುಕದ ಮೇಲಿನ ಹಲಗೇಲಿ. ತಮ್ಮ ಬಂದ ದಿನ ಮಾತ್ರ ಅದು ಕೆಳಗೆ ಇಳಿಯುತ್ತೆ.